ಕರವಸ್ತ್ರದ ಪೆಟ್ಟಿಗೆಯ ಹಲ್ಲಿಗಳು

ದಾವಣಗೆರೆ ಜಿಲ್ಲೆಯಾಗಿ ಒಂದು ವರ್ಷ ಕಳೆದಿತ್ತು. ನಾನು ಹರಿಹರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ದಾವಣಗೆರೆಯ ಗಂಡನ ಮನೆಯಿಂದ ಬೆಳಿಗ್ಗೆ ಒಂಬತ್ತರ ಬಸ್ಸು ಹಿಡಿದು ಹೋದರೆ ಸಂಜೆ ಐದಕ್ಕೆ ಮನೆ ಸೇರುತ್ತಿದ್ದೆ. ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ, ಪ್ರಯೋಗಾಲಯದ ಬೀಗ ತೆಗೆದು ಒಳಗೆ ಹೋದ ಅಟೆಂಡರ್ ಮೂಗು ಮುಚ್ಚಿಕೊಂಡು ಹೊರಗೆ ಬಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಿವೃತ್ತಿಗೆ ಹತ್ತಿರವಾದವರು. ಅವರ ಮುಖ ಸಪ್ಪಗಾಗಿತ್ತು.

"ಒಂದು ತಪ್ಪಾಗೇತ್ರಿ ಮೇಡಂ. ರಜಕ್ಕೆ ಮುಂಚೆ ಕಪ್ಪೆ ತರೋನು ಒಂದು ಡಬ್ಬಿ ಕೊಟ್ಟು ಹೋಗಿದ್ದ. ಬೀರುವಿನಾಗ ಇಟ್ಟು ಮರ್ತೇಬಿಟ್ಟೆ."

ಮುಚ್ಚಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದ ಬಿಸ್ಕತ್ತಿನ ತಗಡಿನ ಡಬ್ಬಿ ಅದು. ಹೊಳೆಯ ದಂಡೆಯ ಇಟ್ಟಿಗೆ ಭಟ್ಟಿಯವರು ಮಣ್ಣಿಗಾಗಿ ಹುತ್ತ ಕೆಡವಿದಾಗ ಸಿಕ್ಕಿದ ಹಲ್ಲಿಗಳಂತೆ. ಮೂರಿದ್ದವು. ಒಂದು ಸತ್ತು ಬಹಳ ದಿನವಾಗಿತ್ತು. ವಾಸನೆ ಅದರದು. ಉಳಿದೆರಡು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮನೆಯ ಗೋಡೆಯ ಹಲ್ಲಿಗಿಂತ ದಪ್ಪ ತಲೆ, ಕಂದು ಮೈ, ಬೆನ್ನಿಗೆ ಬಿಳಿ ಅಂಚಿನ ಕಪ್ಪು ಪಟ್ಟೆ. ಹುತ್ತದ ಹಲ್ಲಿಯ ಬಾಲ ಕೊಬ್ಬು ತುಂಬಿಕೊಂಡು ದಪ್ಪಗಿರಬೇಕು. ಇವುಗಳ ಬಾಲ ಒಣಗಿದ ಹುಣಸೆಕಾಯಿಯ ಹಾಗೆ ಸೊರಗಿತ್ತು.

"ಇವನ್ನೂ ಫಾರ್ಮಲಿನ್‌ಗೆ ಹಾಕಿಬಿಡಾನೇನ್ರಿ? ಹೆಂಗೂ ಸಾಯ್ತಾವೆ," ಎಂದರು ಅಟೆಂಡರ್.

ಬೇರೆ ದಿನವಾಗಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. ಕಪ್ಪೆಗಳ ವಿಷಯದಲ್ಲಿ ಎಷ್ಟೋ ಸಲ ಅಂದಿದ್ದೆ. ನಮ್ಮ ಬೀರುವಿನಲ್ಲಿ ಹಾವು, ಚೇಳು, ಗೋಸುಂಬೆ ಎಲ್ಲವೂ ಬಾಟಲಿಯಲ್ಲಿದ್ದವು. ಹುತ್ತದ ಹಲ್ಲಿ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಡಬ್ಬಿಯಲ್ಲಿದ್ದ ಎರಡರಲ್ಲಿ ದೊಡ್ಡದು ನಾಲಿಗೆ ಹೊರಚಾಚಿ ತನ್ನ ಕಣ್ಣನ್ನು ನೆಕ್ಕಿಕೊಳ್ಳಲು ನೋಡಿತು. ಈ ಹಲ್ಲಿಗಳಿಗೆ ರೆಪ್ಪೆಯಿಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತವೆ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದವಳು ನಾನು. ನಾಲಿಗೆ ಎಷ್ಟು ಒಣಗಿತ್ತೆಂದರೆ ಕಣ್ಣಿಗೆ ಅಂಟಿಕೊಂಡಿತು, ಬಿಡಿಸಿಕೊಳ್ಳಲು ಅದು ತಲೆ ಕೊಡವಬೇಕಾಯಿತು. ಅದನ್ನು ನೋಡಿದ ಮೇಲೆ ಬಾಟಲಿ ತೆಗೆಯಲು ನನ್ನ ಕೈ ಹೋಗಲಿಲ್ಲ.

"ಬ್ಯಾಡ. ನಾನು ಮನೆಗೆ ಒಯ್ತೀನಿ," ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಸತ್ತದ್ದನ್ನು ತೆಗೆದು, ಡಬ್ಬಿ ತೊಳೆದು, ಒದ್ದೆ ಬಟ್ಟೆ ಹಾಸಿ ಕೊಟ್ಟರು.

ಆಗ ನಮ್ಮ ಮನೆಯ ಸ್ಥಿತಿಯೇ ಬೇರೆಯಿತ್ತು. ಮೂರು ತಿಂಗಳ ಹಿಂದೆ ಮಾವನಿಗೆ ಲಕ್ವ ಹೊಡೆದಿತ್ತು. ನಲವತ್ತು ವರ್ಷ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು, ಒಳಗೆ ಬರುವ ಗಿರಾಕಿಯ ಕಾಲು ನೋಡಿಯೇ ಯಾವ ಥಾನು ಬಿಚ್ಚಬೇಕು ಎಂದು ತಿಳಿಯುತ್ತಿದ್ದ ಮನುಷ್ಯ. ಈಗ ಬಲಗೈ ಬಲಗಾಲು ಎರಡೂ ಬಿದ್ದುಹೋಗಿ ನಡುಮನೆಯ ಮಂಚದ ಮೇಲಿದ್ದರು. ಮಾತೂ ಹೋಗಿತ್ತು. ಏನು ಹೇಳಬೇಕಾದರೂ ಬಾಯಿಂದ "ತೋ, ತೋ" ಎಂಬ ಒಂದೇ ಸದ್ದು. ಬೆಳಿಗ್ಗೆ ಲಿಂಗಪೂಜೆಗೆ ಅವರ ಎಡ ಅಂಗೈ ಮೇಲೆ ಲಿಂಗವಿಟ್ಟು ಅತ್ತೆಯೇ ಪತ್ರೆ ಏರಿಸುತ್ತಿದ್ದರು. ಹಗಲು ಅತ್ತೆ ನೋಡಿಕೊಳ್ಳುವುದು, ಸಂಜೆಯಿಂದ ನಾನು. ಅಂಗಡಿ ನನ್ನ ಗಂಡನ ಪಾಲಿಗೆ ಬಂದಿತ್ತು.

ಡಬ್ಬಿಯಲ್ಲಿ ಏನಿದೆ ಎಂದು ತಿಳಿದಾಗ ಅತ್ತೆ ಬಾಗಿಲಲ್ಲೇ ನಿಂತರು. ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟುವವರು, ಮೈಮೇಲೆ ಬಿದ್ದರೆ ತಲೆಗೆ ಸ್ನಾನ ಮಾಡುವವರು.

"ಇರೋ ಹಲ್ಲಿ ಸಾಲಲಿಲ್ಲ ಅಂತ ಹರಿಹರದಿಂದ ತಂದ್ಯೇನವ್ವ?"

"ಸ್ವಲ್ಪ ದಿನ ಅಷ್ಟೇ ಅತ್ತೆ. ಆರಾಮಾದ್ರೆ ಬಿಟ್ಟುಬಿಡ್ತೀನಿ."

"ಅಡಿಗಿ ಮನಿ ಕಡೆ ತರಬ್ಯಾಡ," ಎಂದು ಒಳಗೆ ಹೋದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ನನ್ನ ಗಂಡ ಅಂಗಡಿಯಿಂದ ಕರವಸ್ತ್ರ ಇಡುವ ಹಳೆಯ ಗಾಜಿನ ಪೆಟ್ಟಿಗೆ ತಂದುಕೊಟ್ಟರು. ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿದೆ, ಒಳಗೆ ಮರಳು ಹರವಿ ಒಡೆದ ಹೆಂಚಿನ ಎರಡು ಚೂರು ಕವುಚಿಟ್ಟೆ. ನಮ್ಮ ಮನೆಯಲ್ಲಿ ಬೆಳಗಿನ ಬಿಸಿಲು ಬರುವುದು ನಡುಮನೆಯ ಕಿಟಕಿಗೆ ಮಾತ್ರ. ಹಾಗಾಗಿ ಪೆಟ್ಟಿಗೆಯನ್ನು ಮಾವನ ಮಂಚದ ಪಕ್ಕದ ಮೇಜಿನ ಮೇಲಿಡದೆ ಬೇರೆ ದಾರಿಯಿರಲಿಲ್ಲ. ಅವರ ಒಪ್ಪಿಗೆಯನ್ನು ನಾನು ಕೇಳಲಿಲ್ಲ. ಮಾತಿಲ್ಲದವರನ್ನು ಕೇಳುವ ರೂಢಿ ಮೂರೇ ತಿಂಗಳಲ್ಲಿ ನಮಗೆಲ್ಲ ತಪ್ಪಿಹೋಗಿತ್ತು.

ಮರುದಿನ ಬಸ್ಸಿಗೆ ಮೊದಲು ದನದ ಆಸ್ಪತ್ರೆಗೆ ಹೋದೆ. ಎಮ್ಮೆಯೊಂದರ ಬಾಯಿಗೆ ಗೊಟ್ಟ ಇಟ್ಟು ಔಷಧ ಹಾಕುತ್ತಿದ್ದ ಡಾಕ್ಟರು ನನ್ನ ಮಾತು ಕೇಳಿ ನಕ್ಕರು.

"ಹಲ್ಲಿಗೆ ಔಷಧ ಕೊಟ್ಟು ನನಗೆ ಗೊತ್ತಿಲ್ಲ ಮೇಡಂ." ಆಮೇಲೆ ಕೈ ತೊಳೆದುಕೊಳ್ಳುತ್ತಾ ಯೋಚಿಸಿ ಹೇಳಿದರು: "ಉಪವಾಸ ಬಿದ್ದ ದನಕ್ಕೆ ನಾವು ಮೊದಲು ಹುಲ್ಲು ಹಾಕಲ್ಲ, ನೀರು ಕೊಡ್ತೀವಿ. ಇದಕ್ಕೂ ಹಂಗೇ ಮಾಡ್ರಿ. ಎರಡು ದಿನ ಬರೀ ನೀರು, ಚೂರು ಉಪ್ಪು ಸಕ್ಕರೆ ಹಾಕಿ. ಅವಸರ ಮಾಡಬ್ಯಾಡ್ರಿ. ಅವಸರ ಮಾಡೇ ಭಾಳ ಜನ ಕೊಲ್ತಾರೆ."

ಇಂಕ್ ಫಿಲ್ಲರ್ ತೊಳೆದು, ಕಾಯಿಸಿ ಆರಿಸಿದ ನೀರನ್ನು ಮೂತಿಯ ತುದಿಗೆ ಒಂದೊಂದೇ ಹನಿ ಬಿಟ್ಟೆ. ಮೊದಲ ಹನಿಗಳು ಜಾರಿ ಬಿದ್ದವು. ದೊಡ್ಡದು ಮೂರನೆಯ ಹನಿಗೆ ನಾಲಿಗೆ ತೆಗೆಯಿತು. ಚಿಕ್ಕದು ಮರುದಿನ ಸಂಜೆಗೆ. ಎರಡಕ್ಕೂ ಪೊರೆ ಸರಿಯಾಗಿ ಕಳಚದೆ ಬೆರಳುಗಳಿಗೆ ಬಿಗಿದುಕೊಂಡಿತ್ತು. ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಕಾಲು ಗಂಟೆ ಸುತ್ತಿಟ್ಟು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒಂದೊಂದು ಬೆರಳಿನಿಂದಲೂ ಅದನ್ನು ಬಿಡಿಸಿದೆ. ಚಿಕ್ಕದರ ಹಿಂಗಾಲಿನ ಎರಡು ಬೆರಳು ಆಗಲೇ ಕಪ್ಪಾಗಿದ್ದವು. ಮೂರನೆಯ ದಿನದಿಂದ ಸಣ್ಣ ಜಿರಲೆ, ಮಿಡತೆ. ಅತ್ತೆಯ ಮೊಣಕಾಲಿಗೆ ಕೊಟ್ಟಿದ್ದ ಸುಣ್ಣದಂಶದ ಮಾತ್ರೆಯೊಂದನ್ನು ಪುಡಿ ಮಾಡಿ ಹುಳಕ್ಕೆ ಹಚ್ಚುತ್ತಿದ್ದೆ.

ಒಂದು ಸಂಜೆ ಹೀಗೆ ಹನಿ ಬಿಡುತ್ತ ಕೂತಿದ್ದಾಗ ಅತ್ತೆ ಹಿಂದಿನಿಂದ ಬಂದರು. ಮಾವನ ತಲೆದಿಂಬಿನ ಹತ್ತಿರ ನಾನಿಟ್ಟ ನೀರಿನ ಲೋಟ ಹಾಗೇ ಇತ್ತು.

"ಹಲ್ಲಿಗೆ ಹನಿ ಹನಿ ಎಣಿಸಿ ಕುಡಿಸ್ತೀಯ," ಎಂದರು. ದನಿ ಏರಿಸಲಿಲ್ಲ. "ಅವರಿಗೆ ಲೋಟ ಇಟ್ಟು ಹೋಗ್ತೀಯ."

ಮೊದಲು ಬಂದದ್ದು ಸಿಟ್ಟು. ಬೆಳಿಗ್ಗೆ ಐದಕ್ಕೆ ಎದ್ದು, ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದು, ಮಾವನ ಬಟ್ಟೆ ಒಗೆಯುವವಳೂ ನಾನೇ ಅಲ್ಲವೇ ಎಂದುಕೊಂಡೆ. ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ಆದರೆ ಅತ್ತೆಯ ಮಾತು ನಿಜವಾಗಿತ್ತು. ಮಾವನಿಗೆ ಗಂಟಲಲ್ಲಿ ನೀರು ಸರಿಯಾಗಿ ಇಳಿಯುತ್ತಿರಲಿಲ್ಲ. ಕುಡಿಸುವಾಗ ಬಾಯಿಯ ಬಲ ಮೂಲೆಯಿಂದ ಸೋರಿ ಕುತ್ತಿಗೆಗೆ ಇಳಿಯುತ್ತಿತ್ತು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಅದಕ್ಕೇ ಲೋಟ ಇಟ್ಟು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಅವರಿಗೂ ಸೊಸೆಯ ಮುಂದೆ ಹಾಗೆ ಸೋರುವುದು ಬೇಡವಾಗಿತ್ತು, ಬಾಯಾರಿದರೂ ಸುಮ್ಮನಿರುತ್ತಿದ್ದರು.

ಮರುದಿನ ಚಮಚ ತೆಗೆದುಕೊಂಡು ಅವರ ಎಡಕ್ಕೆ ಕೂತೆ. ದಿಂಬು ಏರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಅರ್ಧರ್ಧ ಚಮಚ ಬಿಟ್ಟೆ. ಪ್ರತಿ ಸಲ ಗಂಟಲು ಇಳಿದದ್ದು ನೋಡಿ ಮುಂದಿನದು. ಒಂದು ಲೋಟಕ್ಕೆ ಅರ್ಧ ಗಂಟೆ ಹಿಡಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಪೆಟ್ಟಿಗೆಯ ಕಡೆ ನೋಡುತ್ತಿದ್ದೆವು. ಅದು ಇಬ್ಬರಿಗೂ ಅನುಕೂಲವಾಯಿತು.

ಹತ್ತು ದಿನದಲ್ಲಿ ದೊಡ್ಡದರ ಬಾಲ ತುಂಬತೊಡಗಿತು. ಚಿಕ್ಕದು ಮಾತ್ರ ಹಾಗೇ ಇತ್ತು. ನಾನು ಹುಳ ಬಿಟ್ಟು ಹೋಗುತ್ತಿದ್ದೆ, ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ತಿನ್ನುತ್ತಿದೆ ಆದರೆ ಮೈಗೆ ಹತ್ತುತ್ತಿಲ್ಲ, ಹೊಟ್ಟೆಯಲ್ಲಿ ಏನೋ ರೋಗವಿರಬೇಕು ಎಂದುಕೊಂಡೆ. ಇನ್ನು ಉಳಿಯುವುದಿಲ್ಲ ಎಂದು ಗಂಡನಿಗೂ ಹೇಳಿದ್ದೆ.

ಒಂದು ಭಾನುವಾರ ಮಾವ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯತೊಡಗಿದರು. "ತೋ, ತೋ!" ನಾನು ಓಡಿ ಬಂದು ನೀರೇ ಎಂದು ಕೇಳಿದೆ, ಅಲ್ಲ. ಮಗ್ಗುಲು ಬದಲಿಸಬೇಕೇ? ಅಲ್ಲ. ಅತ್ತೆ ಬಂದು ಹೊದಿಕೆ ಸರಿಮಾಡಿದರೆ ಹೊದಿಕೆಯನ್ನೇ ಕಿತ್ತೆಸೆದರು. ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೆ ಪೆಟ್ಟಿಗೆಯ ಕಡೆ ಕೈ ತೋರಿಸಿ, ಎರಡು ಬೆರಳೆತ್ತಿ, ಒಂದನ್ನು ಮಡಚಿ, ಇನ್ನೊಂದನ್ನು ಅದರ ಮೇಲೆ ಜೋರಾಗಿ ಕುಕ್ಕಿದರು. ಆಮೇಲೆ ಬೆರಳುಗಳನ್ನು ಅಗಲಿಸಿ ಹಿಡಿದರು.

"ಬ್ಯಾರೆ ಬ್ಯಾರೆ ಇಡು ಅಂತೀರೇನ್ರಿ ಮಾವ?"

ಕಣ್ಣು ಮುಚ್ಚಿ ತಲೆಯಾಡಿಸಿದರು. ಅಂದು ಸಂಜೆ ಹುಳ ಬಿಟ್ಟು ನಾನೂ ಅವರ ಪಕ್ಕ ಕೂತು ನೋಡಿದೆ. ಚಿಕ್ಕದು ಹೆಂಚಿನಡಿಯಿಂದ ತಲೆ ಹಾಕಿತು. ದೊಡ್ಡದು ಅದರತ್ತ ತಿರುಗಿತು, ಅಷ್ಟೇ. ಚಿಕ್ಕದು ಹಿಂದಕ್ಕೆ ಸರಿಯಿತು. ಎಲ್ಲ ಹುಳವನ್ನೂ ದೊಡ್ಡದೇ ತಿಂದಿತು. ಎತ್ತಿ ನೋಡಿದರೆ ಚಿಕ್ಕದರ ಬಾಲದ ಬುಡದಲ್ಲಿ ಕಚ್ಚಿದ ಗುರುತು. ಪ್ರಾಣಿಶಾಸ್ತ್ರ ಓದಿದ ನಾನು ಹತ್ತು ದಿನ ಪಕ್ಕದಲ್ಲೇ ಓಡಾಡಿಯೂ ಕಾಣದ್ದನ್ನು ಮಂಚದ ಮೇಲಿಂದ ಅವರು ಕಂಡಿದ್ದರು. ಅದನ್ನು ಹೇಳಲು ಎಷ್ಟು ದಿನದಿಂದ ಒದ್ದಾಡಿದ್ದರೋ.

ಮಾರನೆಯ ದಿನವೇ ಎರಡನೆಯ ಪೆಟ್ಟಿಗೆ ಬಂತು. ಎರಡರ ನಡುವೆ ರಟ್ಟು ಇಟ್ಟೆವು, ಒಂದಕ್ಕೊಂದು ಕಾಣದ ಹಾಗೆ. ಚಿಕ್ಕದು ಆ ದಿನ ತಿನ್ನಲಿಲ್ಲ, ಮರುದಿನವೂ ಇಲ್ಲ. ನಾನು ಕಾಲೇಜಿಗೆ ಹೋದಾಗ ನೋಡುವ ಕೆಲಸ ಮಾವನದು. ಅವರು ಚಮಚದ ನೀರು ಕುಡಿಯುವಾಗಲೂ ಕಣ್ಣು ಅತ್ತಲೇ.

ಮೂರನೆಯ ಸಂಜೆ ನಾನು ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಒಂದು ದನಿ ಬಂತು. ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡೆ.

"ತಿಂತು."

ನಡುಮನೆಯಲ್ಲಿ ಅತ್ತೆ ಮೊರ ಹಿಡಿದುಕೊಂಡು ಅಲುಗಾಡದೆ ನಿಂತಿದ್ದರು. ಮಾವ ನನ್ನನ್ನು ನೋಡಿದರು. ಬಾಯಿ ಒಂದು ಕಡೆಗೆ ಎಳೆದುಕೊಂಡೇ ಇತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. "ತಿಂತು," ಎಂದು ಇನ್ನೊಮ್ಮೆ ಅಂದರು. ಪೆಟ್ಟಿಗೆಯಲ್ಲಿ ಚಿಕ್ಕದರ ಬಾಯಿಂದ ಮಿಡತೆಯ ಒಂದು ಕಾಲು ಇನ್ನೂ ಹೊರಗಿತ್ತು. ಅತ್ತೆ ಮೊರ ಕೆಳಗಿಟ್ಟು ಮಂಚದ ಕಾಲಿಗೆ ಒರಗಿ ಕೂತುಬಿಟ್ಟರು. "ಇನ್ನೊಂದ್ಸಲ ಅನ್ರಿ," ಎಂದರು. ಅವರು ಅಂದರು.

ಅದಾದ ಮೇಲೆ ಎಲ್ಲ ಮಾತೂ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ವಾರಗಟ್ಟಲೆ ಆ ಒಂದೇ ಮಾತು. ಆಮೇಲೆ "ನೀರು", "ಸಾಕು", ಅತ್ತೆಯನ್ನು ಕರೆಯಲು "ಏ". ಯುಗಾದಿಯ ಹೊತ್ತಿಗೆ ಹದಿನೈದಿಪ್ಪತ್ತು ಮಾತು ಕೂಡಿದ್ದವು. ಬಲಗೈ ಬರಲೇ ಇಲ್ಲ. ಅಷ್ಟರಲ್ಲಿ ದೊಡ್ಡ ಹಲ್ಲಿ ಗಾಜಿನ ಮೇಲೆ ನೇರ ಏರಿ ಸೊಳ್ಳೆಪರದೆಗೆ ಮೂತಿ ಒತ್ತತೊಡಗಿತ್ತು. ಬಾಲ ಹೆಬ್ಬೆರಳಿನಷ್ಟು ದಪ್ಪ.

"ಬಿಡು," ಎಂದರು ಮಾವ ಒಂದು ದಿನ. ತಾವೂ ಬರುತ್ತೇನೆಂದು ಎದೆ ಮುಟ್ಟಿ ತೋರಿಸಿದರು. ಲಕ್ವ ಹೊಡೆದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಅವರು ಹೊಸ್ತಿಲು ದಾಟಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನನ್ನ ಗಂಡ ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ಆವರಗೆರೆ ದಾಟಿ, ಹೊಲದ ಬದುವಿನ ಒಂದು ಹುತ್ತದ ಬಳಿ ನಿಲ್ಲಿಸಿದೆವು. ನಾನು ಡಬ್ಬಿಯ ಮುಚ್ಚಳ ತೆಗೆದು ನೆಲಕ್ಕಿಟ್ಟೆ. ಹಲ್ಲಿ ತಕ್ಷಣ ಓಡಲಿಲ್ಲ. ಬಿಸಿಲಿಗೆ ತಲೆ ಹೊರಳಿಸಿ, ಎಡಗಣ್ಣು ಬಲಗಣ್ಣು ಎರಡನ್ನೂ ನಿಧಾನವಾಗಿ ನೆಕ್ಕಿಕೊಂಡು, ಹುತ್ತದ ಬಿರುಕಿನೊಳಗೆ ಸೇರಿತು.

ಹಿಂತಿರುಗೋಣ ಎಂದರೆ ಮಾವ ಒಪ್ಪಲಿಲ್ಲ. "ಹೊಳಿ," ಎಂದರು. ಆಟೋದವನು ಹರಿಹರದ ಸೇತುವೆಯ ಹತ್ತಿರ ಒಯ್ದ. ಬೇಸಿಗೆಯ ತುಂಗಭದ್ರೆ, ಬಂಡೆಗಳ ನಡುವೆ ಅಲ್ಲಲ್ಲಿ ನೀರು. ಗಾಳಿಗೆ ಅವರ ಧೋತರದ ಅಂಚು ಹಾರುತ್ತಿತ್ತು, ಅದನ್ನು ಎಡಗೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು. ಅತ್ತೆಯ ಆ ಒಂದು ಮಾತು ಬೀಳದಿದ್ದರೆ ನಾನು ಚಮಚ ಹಿಡಿಯುತ್ತಿದ್ದೆನೇ ಎಂದು ಆಗ ಯೋಚಿಸಿದೆ. ಈಗಲೂ ಯೋಚಿಸುತ್ತೇನೆ. ಹೌದು ಎನ್ನಲು ಧೈರ್ಯ ಬರುವುದಿಲ್ಲ.

ಮಾವ ನನ್ನ ಕಡೆ ತಿರುಗಿದರು. "ಇನ್ನೊಂದು?"

"ಅದರ ಕಾಲು ಇನ್ನೂ ಸರಿಯಾಗಿಲ್ಲ ಮಾವ. ಎರಡು ಬೆರಳು ಉದುರೇ ಹೋದವು, ಗಾಜು ಹತ್ತೋಕೆ ಆಗ್ತಿಲ್ಲ. ಹೊರಗೆ ಬಿಟ್ರೆ ಕಾಗಿ ಒಯ್ತಾವೆ."

ಅವರು ಸ್ವಲ್ಪ ಹೊತ್ತು ಹುಡುಕಿ, ಹೊಸ ಮಾತೊಂದನ್ನು ಹೊರಗೆ ತಂದರು.

"ಇರಲಿ," ಎಂದರು.