ನನ್ನ ಚಿತ್ರವನ್ನು ನಾನೇ ಹರಿದ ಸಿನಿಮಾ

ನಾನು ಗಂಡಸರ ಹೊಟ್ಟೆಗಳನ್ನು ಚಿತ್ರಿಸುವವಳು. ಊಟ ಮುಗಿಸಿ, ಅಂಗಿ ಕಳಚಿ, ಲುಂಗಿ ಸಡಿಲಿಸಿ ಮಲಗಿದ ನಡುವಯಸ್ಸಿನ ಗಂಡಸರು. ವಿಮಾನಪುರದ ಕ್ವಾರ್ಟರ್ಸ್‌ನಲ್ಲಿ ಬೆಳೆದವಳಿಗೆ ಭಾನುವಾರ ಮಧ್ಯಾಹ್ನದ ಈ ನೋಟ ಹೊಸದೇನಲ್ಲ. ಅದನ್ನೇ ಬಾಗಿಲಷ್ಟು ದೊಡ್ಡದಾಗಿ ಎಣ್ಣೆಬಣ್ಣದಲ್ಲಿ ಬರೆದು ಗೋಡೆಗೆ ತೂಗುಹಾಕಿದರೆ ಮಾತ್ರ ಜನಕ್ಕೆ ಎಲ್ಲಿಲ್ಲದ ನಾಚಿಕೆ.

ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ನನ್ನ ಪ್ರದರ್ಶನ ನಡೆದಾಗ, ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಗಳು ಹೆಂಡತಿಯನ್ನೂ ಕರೆದುಕೊಂಡು ಜಗಳಕ್ಕೆ ಬಂದರು. ಎಲ್ಲಕ್ಕಿಂತ ದೊಡ್ಡ ಚಿತ್ರದಲ್ಲಿ ಮಲಗಿರುವುದು ತಾವೇ ಎಂಬುದು ಅವರ ದೂರು. ಅದು ಬರೀ ಕಲ್ಪನೆ ಎಂದೆ. ಅವರು ಒಪ್ಪದೆ, ಚಿತ್ರದ ಹೊಕ್ಕುಳ ಪಕ್ಕದ ಮಚ್ಚೆಯ ಮೇಲೆ ಬೆರಳಿಟ್ಟು ನೆರೆದವರಿಗೆಲ್ಲ ತೋರಿಸಿದರು. ಅಲ್ಲಿಯವರೆಗೆ ಅವರ ಮಚ್ಚೆಯ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಹೆಂಡತಿ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ರೀ, ಇದು ನೀವಲ್ಲ ಬಿಡಿ. ಇವ್ರು ಎಷ್ಟು ನೆಮ್ಮದಿಯಾಗಿ ಮಲಗಿದಾರೆ ನೋಡಿ. ನೀವು ನಿದ್ದೇಲೂ ಯಾರ ಜೊತೆಗಾದ್ರೂ ಜಗಳ ಆಡ್ತಿರ್ತೀರ.”

ಜಗಳ ಅಲ್ಲಿಗೇ ಮುಗಿಯಿತು. ಅವರು ಹೊರಟ ಮೇಲೆ, ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಹುಡುಗಿಯೊಬ್ಬಳು ಹತ್ತಿರ ಬಂದಳು. ಸ್ನೇಹಿತರೆಲ್ಲ ಸೇರಿ ಸಿನಿಮಾ ಮಾಡುತ್ತಿದ್ದಾರಂತೆ, ಅವಳೇ ನಿರ್ದೇಶಕಿಯಂತೆ. ಮಗಳು ಬರೆದ ಚಿತ್ರವನ್ನು ಸಿಟ್ಟಿನಲ್ಲಿ ಹರಿದುಹಾಕುವ ತಾಯಿಯ ಪಾತ್ರಕ್ಕೆ ನಾನು ಬೇಕಂತೆ. ನಾನು ಎದುರು ಪಾರ್ಟಿಯವಳಲ್ಲವೇ ಎಂದು ಕೇಳಿದೆ.

“ಅದಕ್ಕೇ ಮೇಡಂ ನಿಮ್ಮನ್ನ ಕೇಳ್ತಿರೋದು. ಬೈಸ್ಕೊಂಡು ಬೈಸ್ಕೊಂಡು ನಿಮಗೆ ಡೈಲಾಗೆಲ್ಲ ಬಾಯಿಪಾಠ ಆಗಿರುತ್ತೆ.”

ಅದು ನಿಜವೇ ಆಗಿತ್ತು. ಹಲಸೂರಿನ ಒಂದು ಸಣ್ಣ ಮನೆಯಲ್ಲಿ ಕ್ಯಾಮೆರಾ ಮುಂದೆ ನಿಂತಾಗ, ನಮ್ಮಮ್ಮ ನನಗೆ ವರ್ಷಗಟ್ಟಲೆ ಅಂದಿದ್ದ ಮಾತುಗಳೆಲ್ಲ ಅವಳದೇ ಧಾಟಿಯಲ್ಲಿ ಬಾಯಿಗೆ ಬಂದವು. ತೊಡಕಾದದ್ದು ಹರಿಯುವುದರಲ್ಲಿ. ನನ್ನದೇ ಒಂದು ಚಿತ್ರವನ್ನು, ಅಷ್ಟೇನೂ ಚೆನ್ನಾಗಿ ಬಾರದಿದ್ದದ್ದನ್ನು, ಚೌಕಟ್ಟಿನಿಂದ ಬಿಡಿಸಿ ತಂದಿದ್ದೆ. ಕ್ಯಾನ್ವಾಸು ಬಟ್ಟೆ ಬರಿಗೈಗೆ ಬಗ್ಗುವಂಥದ್ದಲ್ಲ ಎಂಬುದು ನಿರ್ದೇಶಕಿಗೆ ತಿಳಿಯದು. ಮೂವತ್ತು ವರ್ಷ ಅದರ ಮೇಲೆ ಬಣ್ಣ ಬಳಿದ ನನಗೂ ಹೊಳೆದಿರಲಿಲ್ಲ. ಎಳೆದೆ, ಜಗ್ಗಿದೆ, ಮಂಡಿಯಿಂದ ಒತ್ತಿ ಹಿಡಿದೆ, ಕೊನೆಗೆ ಹಲ್ಲನ್ನೂ ಹಾಕಿದೆ. ಮೊದಲು ನಟಿಸಿದ ಸಿಟ್ಟು ಈಗ ನಿಜವಾಗಿಯೇ ನೆತ್ತಿಗೇರಿತು. ಪರ್‍ರೆಂದು ಅದು ಹರಿದಾಗ ನಾನು ನೆಲದ ಮೇಲೆ ಕೂತಿದ್ದೆ, ಕಣ್ಣಲ್ಲಿ ನೀರಿತ್ತು. ಇಷ್ಟವಿಲ್ಲದ ಚಿತ್ರಕ್ಕೆ ಹೀಗೇಕೆ ಅತ್ತೆನೋ ಇವತ್ತಿಗೂ ಗೊತ್ತಿಲ್ಲ. ನಿರ್ದೇಶಕಿ ಕಟ್ ಹೇಳುವುದನ್ನೇ ಮರೆತಿದ್ದಳು.

ಸಿನಿಮಾ ಸಣ್ಣಪುಟ್ಟ ಸಭಾಂಗಣಗಳಲ್ಲಿ ಓಡಿತು. ಆ ದೃಶ್ಯದ ತುಣುಕು ಮಾತ್ರ ಊರವರ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಆಮೇಲೆ ನನಗೆ ಬಂದದ್ದೆಲ್ಲ ಬೈಯುವ ಪಾತ್ರಗಳೇ: ಮನೆ ಓನರ್, ಹಾಸ್ಟೆಲ್ ವಾರ್ಡನ್, ಅತ್ತೆ. ಮನೆಯಲ್ಲಿ ಬೈಸಿಕೊಳ್ಳುವಂಥ ಚಿತ್ರ ಬರೆಯುವುದು, ಶೂಟಿಂಗಿನಲ್ಲಿ ನನ್ನಂಥವರನ್ನು ಬೈಯುವುದು. ಎರಡೂ ಕಡೆ ನನಗೆ ಖುಷಿಯೇ.

ಮೊನ್ನೆ ಹೊಸದಾಗಿ ಬರೆದ ಚಿತ್ರವೊಂದನ್ನು ಸುರುಳಿ ಸುತ್ತಿ ಹಿಡಿದು ಕೃಷ್ಣರಾಜಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸೊಪ್ಪಿನ ಚೀಲ ಹಿಡಿದ ಹೆಂಗಸೊಬ್ಬರು, ಮೊಬೈಲಿನಲ್ಲಿ ಆ ತುಣುಕು ನೋಡಿದ್ದವರು, ನನ್ನ ಗುರುತು ಹಿಡಿದರು. ಅಂಥ ಚಿತ್ರ ಬರೆಯೋರಿಗೆ ಹಾಗೇ ಆಗಬೇಕು, ಒಳ್ಳೆ ಕೆಲಸ ಮಾಡಿದಿರಿ ಎಂದು ಮೆಚ್ಚಿಕೊಂಡರು. ಸುಮ್ಮನಿರಲು ಮನಸ್ಸಾಗಲಿಲ್ಲ. ಅಂಥ ಚಿತ್ರ ಬರೆಯುವವಳು ನಾನೇ ಎಂದೆ. ಅವರು ನನ್ನ ಕೈಯಲ್ಲಿದ್ದ ಸುರುಳಿಯನ್ನು ನೋಡಿದರು.

“ಹಂಗಾದ್ರೆ ಅವತ್ತು ಹರಿದಿದ್ದು ನಿಮ್ಮದೇನಾ?”

ಹೌದೆಂದೆ.

“ಅಯ್ಯೋ ಪಾಪ. ಎಷ್ಟು ಕಷ್ಟಪಟ್ಟು ಬರೆದಿದ್ರೋ ಏನೋ.”

ಬಸ್ಸು ಬಂತು. ಕಾಲಿಡಲೂ ಜಾಗವಿಲ್ಲದಷ್ಟು ಜನ. ಅವರು ಸೊಪ್ಪಿನ ಚೀಲವನ್ನು ನನ್ನ ಕೈಗೆ ತುರುಕಿ, ಸುರುಳಿಯನ್ನು ತಾವು ತೆಗೆದುಕೊಂಡು ತಲೆಯ ಮೇಲೆತ್ತಿ ಹಿಡಿದರು. ಮುಟ್ಟಬೇಡಿ, ಚಿತ್ರ ಇದೆ ಎಂದು ಎಲ್ಲರನ್ನೂ ಗದರಿಸುತ್ತ ನನಗಿಂತ ಮೊದಲೇ ಹತ್ತಿದರು.