ಹಿಂದಿನ ದಿನದ ಪಾಠ

ಈ ಪ್ರಸಂಗವನ್ನು ಮೊದಲು ಹೇಳಿದವರು ರಾಮನಾಥಪುರದ ಗೋದಮ್ಮನವರು. ಹೇಳಿದ್ದು ಕಳೆದ ಮಾರ್ಗಶಿರದ ಒಂದು ಮಧ್ಯಾಹ್ನ, ತಮ್ಮ ಮನೆಯ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ. ತಿಂಗಳ ನಂತರ ಇದನ್ನೇ ಹಳ್ಳಿಮೈಸೂರಿನ ಶಾಲೆಯ ಚಂದ್ರಯ್ಯ ಮೇಷ್ಟ್ರು ತಮ್ಮ ರೀತಿಯಲ್ಲಿ ಹೇಳಿದರು. ಗೋದಮ್ಮನವರ ಕಥೆಯಲ್ಲಿ ಅವರ ಯಜಮಾನರು ದೊಡ್ಡವರಾಗಿ ಕಾಣುತ್ತಾರೆ, ಚಂದ್ರಯ್ಯನವರ ಕಥೆಯಲ್ಲಿ ಚಂದ್ರಯ್ಯನವರೇ. ಎರಡರಲ್ಲೂ ಕಡಿಮೆ ಮಾತಾಡುವವರು ಗಂಗಾಂಬಿಕೆ. ಕೆಲಸ ಅವರದು.

ಬೆಳಕು ಹರಿಯುವ ಮುನ್ನ ಹಳ್ಳಿಮೈಸೂರಿನ ಅವರ ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿರುತ್ತದೆ. ಗಂಗಾಂಬಿಕೆಯವರ ಒಂದು ಕಿವಿಯಲ್ಲಿ ಇಯರ್‌ಫೋನು, ಇನ್ನೊಂದು ಕಿವಿ ಹಾಲಿನ ಕಡೆಗೆ. ಇಯರ್‌ಫೋನಿನೊಳಗೆ ಚನ್ನರಾಯಪಟ್ಟಣದ ಕಡೆಯ ಯಾವುದೋ ಶಾಲೆಯ ಮೂರನೇ ತರಗತಿ ನಡೆಯುತ್ತಿರುತ್ತದೆ: ಬೆಂಚು ಎಳೆದ ಸದ್ದು, ಯಾರದೋ ಕೆಮ್ಮು, ಮೇಡಂ ಕೇಳಿದ ಪ್ರಶ್ನೆ, ಅದರ ಹಿಂದೆ ಉದ್ದನೆಯ ಮೌನ. ಆ ಮೌನದ ಹೊತ್ತಿಗೆ ಗಂಗಾಂಬಿಕೆ ಉರಿ ತಗ್ಗಿಸಿ ಕಣ್ಣು ಮುಚ್ಚುತ್ತಾರೆ.

ಒಳಮನೆಯಿಂದ ಅತ್ತೆ ಬಸವಲಿಂಗಮ್ಮನವರ ದನಿ ಬರುತ್ತದೆ. "ಊರಲ್ಲಿ ಎಲ್ಲಾರ ಮನೇಲೂ ಬೆಳಿಗ್ಗೆ ವಚನ ಆಕ್ತಾರೆ. ನಮ್ಮನೇಲಿ ಮಗ್ಗಿ."

"ಮಗ್ಗಿ ಅಲ್ಲ ಕಣತ್ತೆ, ಕಳೆಯೋ ಲೆಕ್ಕ."

"ಯಾವುದಾದ್ರೂ ಆಗ್ಲಿ, ಹಾಲು ಉಕ್ಕಿಸ್ಬ್ಯಾಡ."

ಇಲಾಖೆಯ ಕಾಗದಗಳಲ್ಲಿ ಗಂಗಾಂಬಿಕೆ ಸಮೂಹ ಸಂಪನ್ಮೂಲ ವ್ಯಕ್ತಿ. ಊರವರ ಬಾಯಲ್ಲಿ ಸಿಆರ್‌ಪಿ ಮೇಡಂ. ಸುತ್ತಲಿನ ಶಾಲೆಗಳಿಗೆ ಸ್ಕೂಟರಿನಲ್ಲಿ ಹೋಗುವುದು, ಮೊಟ್ಟೆ, ಶೂ, ಸಮವಸ್ತ್ರಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವುದು, ಏರದಿದ್ದರೆ ಮತ್ತೆ ಏರಿಸುವುದು: ಹಗಲು ಇದರಲ್ಲೇ ಮುಗಿಯುತ್ತದೆ. ಮೂರು ವರ್ಷದ ಹಿಂದೆ ಹಾಸನದ ಜಿಲ್ಲಾ ಕಚೇರಿಯಿಂದ ಇನ್ನೊಂದು ಹೊಣೆ ಬಂತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸಣ್ಣ ಶಾಲೆಗಳ ಶಿಕ್ಷಕರು ತಮ್ಮ ಪಾಠದ ಹತ್ತು ನಿಮಿಷವನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸಬೇಕು. ಕೇಳಿ ಸಲಹೆ ಹೇಳುವವರು ಗಂಗಾಂಬಿಕೆ. ಹಿಂದೆ ತರಬೇತಿಯೆಂದರೆ ಹಾಸನದ ಸಭಾಂಗಣದಲ್ಲಿ ಮೂರು ದಿನ ಕೂರಬೇಕಿತ್ತು. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಆ ಮೂರು ದಿನವೂ ಬೀಗ. ಈಗ ಬೀಗ ಹಾಕಬೇಕಿಲ್ಲ.

ದಿನಕ್ಕೆ ಎಂಟೋ ಹತ್ತೋ ಪಾಠಗಳು ಬರುತ್ತವೆ. ಅವರ ಉತ್ತರ ಯಾವಾಗಲೂ ದನಿಯಲ್ಲೇ, ಎಂದೂ ಬರಹದಲ್ಲಲ್ಲ. "ಬರೆದು ಕಳಿಸಿದ್ರೆ ನೋಟೀಸು ಬಂತೇನೋ ಅಂತ ಎದೆ ಹೊಡ್ಕೋತಾರೆ," ಎನ್ನುತ್ತಾರೆ ಗಂಗಾಂಬಿಕೆ. "ದನಿ ಆದ್ರೆ ಪಕ್ಕದಲ್ಲಿ ಕೂತು ಮಾತಾಡ್ದಂಗೆ ಇರ್ತದೆ." ಒಂದು ಪಾಠಕ್ಕೆ ಒಂದೇ ಪ್ರಶ್ನೆ ಕೇಳುತ್ತಾರೆ. ಇಂಥ ಮಗು ಉತ್ತರ ಹೇಳದೆ ನಿಂತಿತಲ್ಲ, ಆಮೇಲೆ ಅದು ಎಲ್ಲಿ ನೋಡುತ್ತಿತ್ತು ಎಂಬಂಥ ಪ್ರಶ್ನೆ.

ಕಥೆ ಹುಟ್ಟುವುದು ಒಂದು ಒಳ್ಳೆಯ ಪಾಠದಿಂದ. ರಾಮನಾಥಪುರದ ಬಳಿಯ ಶಾಲೆಯ ಸಂಪತ್ಕುಮಾರ ಮೇಷ್ಟ್ರು, ಅಂದರೆ ಗೋದಮ್ಮನವರ ಯಜಮಾನರು, ನಲವತ್ತೆರಡರಲ್ಲಿ ಹದಿನೇಳನ್ನು ಕಳೆಯುವ ಪಾಠವನ್ನು ಕಳಿಸುತ್ತಾರೆ. ಎರಡರಲ್ಲಿ ಏಳು ಹೋಗದು, ಹತ್ತರ ಮನೆಯಿಂದ ಒಂದು ಕಟ್ಟನ್ನು ಬಿಚ್ಚಿ ತರಬೇಕು. ಮಕ್ಕಳಿಗೆ ಬಹಳ ಕಠಿಣವೆನಿಸುವ ಜಾಗವಿದು. ಮೇಷ್ಟ್ರ ಕಂಠ ತುಂಬಿದೆ, ಮಾತು ಅಳೆದಂತಿದೆ, ಮಕ್ಕಳು ಒಂದೇ ದನಿಯಲ್ಲಿ "ಇಪ್ಪತ್ತೈದು" ಎನ್ನುತ್ತಾರೆ. ಹಾಸನದವರು ಮೆಚ್ಚಿ, ಮಾದರಿ ಪಾಠವೆಂದು ಎಲ್ಲ ಶಿಕ್ಷಕರ ಗುಂಪಿಗೂ ಹಂಚುತ್ತಾರೆ.

ಗಂಗಾಂಬಿಕೆ ಅದನ್ನು ಕೇಳಿ ಇಯರ್‌ಫೋನು ತೆಗೆದಿಡುತ್ತಾರೆ. ಮೇಷ್ಟ್ರ ಪ್ರಶ್ನೆ ಮುಗಿಯುವ ಮೊದಲೇ ಮಕ್ಕಳ ಉತ್ತರ ಬಂದಿದೆ. ಸಾಹೇಬರು ಬರುವ ಹಿಂದಿನ ದಿನ ಪಾಠವನ್ನು ಉರು ಹೊಡೆಸುವ ಪದ್ಧತಿ ಈ ಸೀಮೆಯ ಶಾಲೆಗಳಿಗೆ ಹೊಸದಲ್ಲ. ಫೋನು ಬಂದ ಮೇಲೆ ಫೋನೇ ಸಾಹೇಬರಾಗಿದೆ. ಗಂಗಾಂಬಿಕೆಗೆ ಈ ಪದ್ಧತಿ ಚೆನ್ನಾಗಿ ಗೊತ್ತು, ಏಕೆಂದರೆ ಮೂರನೇ ತರಗತಿಯಲ್ಲಿ ಅವರಿಗೆ ಕಲಿಸಿದವರೂ ಇದೇ ಸಂಪತ್ಕುಮಾರ ಮೇಷ್ಟ್ರು.

ಗಂಗಾಂಬಿಕೆ ಸುಮ್ಮನಿದ್ದುಬಿಡುತ್ತಿದ್ದರೇನೋ. ಆದರೆ ಅದೇ ವಾರ ಬುಧವಾರ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಶಾಲೆಯಿಂದ ಸೌಜನ್ಯಳ ದನಿ ಬರುತ್ತದೆ. ಸೌಜನ್ಯ ಹಾಸನದ ಹುಡುಗಿ, ಅತಿಥಿ ಶಿಕ್ಷಕಿ. ಕಾಯಂ ಶಿಕ್ಷಕರಿಲ್ಲದ ಆ ಶಾಲೆಗೆ ಅವಳೊಬ್ಬಳೇ ದಿಕ್ಕು.

"ಮೇಡಂ, ಆ ಸರ್ ಪಾಠ ಮೂರು ಸಲ ಕೇಳ್ದೆ. ನಮ್ಮ ಮಕ್ಳು ದಿನಾ ಮೂವತ್ತೈದು ಅಂತ್ಲೇ ಬರೀತಾರೆ. ಏಳರಲ್ಲಿ ಎರಡು ತೆಗೆದು ಐದು ಇಟ್ಬಿಡ್ತಾರೆ. ಇದು ನನ್ ಕೈಲಿ ಆಗೋ ಕೆಲಸ ಅಲ್ಲ. ಬಟ್ಟೆ ಅಂಗಡೀಲಿ ಬಿಲ್ ಹಾಕೋಕೆ ಕರ್ದಿದಾರೆ. ಸೋಮವಾರದಿಂದ ಅಲ್ಲಿಗೆ ಹೋಗ್ತೀನಿ. ಶನಿವಾರ ಹಳ್ಳಿಮೈಸೂರಲ್ಲಿ ಶಿಕ್ಷಕರ ಸಭೆಗೆ ಬಂದು ಹೇಳೇ ಹೋಗ್ತೀನಿ."

ಅವಳು ಹೋದರೆ ಆ ಶಾಲೆಯ ಬಾಗಿಲು ತೆರೆಯುವವರಿಲ್ಲ. ಮರುದಿನ ಸಂಜೆ ಗಂಗಾಂಬಿಕೆ ರಾಮನಾಥಪುರದ ಬಸ್ಸು ಹತ್ತುತ್ತಾರೆ.

ಗೋದಮ್ಮನವರು ಈ ಭಾಗವನ್ನು ಕೈಯ ಅವರೆಕಾಯಿ ಕೆಳಗಿಟ್ಟು ಹೇಳುತ್ತಾರೆ. ಕಾಫಿ ಲೋಟ ಹಿಡಿದ ಗಂಗಾಂಬಿಕೆ ಬಂದ ಕೆಲಸವನ್ನು ಬಾಯಿಬಿಡದೆ ಕೂತಿದ್ದಾರೆ. ಗುರುವಿಗೆ ಶಿಷ್ಯೆ ಏನು ಹೇಳಬೇಕು?

"ಏನಮ್ಮಾ ಗಂಗಾ, ಮೇಷ್ಟ್ರಿಗೇ ಪರೀಕ್ಷೆ ಮಾಡೋಕೆ ಬಂದೆಯೋ?" ಎಂದು ಸಂಪತ್ಕುಮಾರರೇ ಕೆಣಕುತ್ತಾರೆ.

"ಪಾಠ ಚೆನ್ನಾಗದೆ ಸಾ. ಅದರ ಹಿಂದಿನ ದಿನದ್ದೂ ಫೋನಲ್ಲಿದ್ರೆ ಕೊಡ್ತೀರಾ ಅಂತ ಕೇಳೋಕೆ ಬಂದೆ."

ಮೇಷ್ಟ್ರು ಪಂಚೆಯ ಅಂಚನ್ನು ಸರಿಮಾಡಿಕೊಳ್ಳುತ್ತಾರೆ. "ಹಿಂದಿನ ದಿನದ್ದು ಎಂಥದು?"

"ಅದೇ ರೀ," ಎನ್ನುತ್ತಾರೆ ಗೋದಮ್ಮ, "ಮನೆಗೆ ಬಂದು ಫೋನು ಕಿವಿಗಿಟ್ಟುಕೊಂಡು ಹಣೆ ಚಚ್ಚಿಕೊಂಡಿರಲ್ಲ, ಅದು."

"ಅದು ರಾದ್ಧಾಂತ. ಅಳಿಸಿಬಿಡಬೇಕು."

"ಅಳಿಸ್ಬ್ಯಾಡಿ ಸಾ. ಚನ್ನರಾಯಪಟ್ಟಣದ ಕಡೆ ಒಂದು ಹುಡುಗಿ ನಿಮ್ಮ ಪಾಠ ಕೇಳಿ ಕೆಲಸ ಬಿಡ್ತಾವ್ಳೆ. ನಿಮ್ಮ ಮಕ್ಕಳಿಗೂ ಮೊದಲು ಬರ್ಲಿಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು."

"ಅಂದರೆ ನನ್ನ ಮಾನ ಮೂರು ತಾಲ್ಲೂಕಿಗೆ ಹಂಚಬೇಕು. ಮೇ ತಿಂಗಳಲ್ಲಿ ನಿವೃತ್ತಿ ನನಗೆ. ಈಗ ಇದೊಂದು ಬೇಕಿತ್ತೇ?"

ಗಂಗಾಂಬಿಕೆ ಲೋಟ ತೊಳೆದಿಟ್ಟು, ಶನಿವಾರದ ಸಭೆಯ ವೇಳೆ ತಿಳಿಸಿ ಎದ್ದು ಹೋಗುತ್ತಾರೆ. "ಆವತ್ತು ರಾತ್ರಿ ಇವರು ಆ ಫೋನನ್ನ ತಟ್ಟೆ ಪಕ್ಕ ಇಟ್ಕೊಂಡೇ ಊಟ ಮಾಡಿದರು," ಎನ್ನುತ್ತಾರೆ ಗೋದಮ್ಮ. "ನಾನೇ ಅಂದೆ, ಆ ಕೂಗಾಟ ಇಷ್ಟು ವರ್ಷ ನಾನೊಬ್ಬಳೇ ಕೇಳಿದೀನಿ, ಉಳಿದವರೂ ಸ್ವಲ್ಪ ಕೇಳಲಿ ಅಂತ."

ಶನಿವಾರ ಮಧ್ಯಾಹ್ನ ಹಳ್ಳಿಮೈಸೂರಿನ ಶಾಲೆಯಲ್ಲಿ ಶಿಕ್ಷಕರು ನೆಲದ ಮೇಲೆ ಜಮಖಾನ ಹಾಸಿ ಕೂತಿದ್ದಾರೆ. ಸೌಜನ್ಯ ಬಾಗಿಲ ಪಕ್ಕ, ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಾಳೆ. ಸಭೆ ಆರಂಭವಾಗುವ ಹೊತ್ತಿಗೆ ಸಂಪತ್ಕುಮಾರ ಮೇಷ್ಟ್ರು ಎರಡು ಬಸ್ಸು ಬದಲಿಸಿ ಬಂದು ಒಳಗೆ ಕಾಲಿಡುತ್ತಾರೆ. ಫೋನನ್ನು ಯಾರ ಕೈಗೂ ಕೊಡುವುದಿಲ್ಲ. "ಕಳಿಸೋಲ್ಲ. ಇಲ್ಲೇ ಕೇಳಿಸ್ತೀನಿ. ಕೇಳಿ ಇಲ್ಲೇ ಬಿಡಿ," ಎನ್ನುತ್ತಾರೆ. ಶಾಲೆಯ ಸ್ಪೀಕರು ಕೆಟ್ಟಿರುವುದರಿಂದ ಚಂದ್ರಯ್ಯ ಬಿಸಿಯೂಟದ ಸ್ಟೀಲು ಪಾತ್ರೆಯೊಂದನ್ನು ತಂದು ಅದರೊಳಗೆ ಫೋನು ನಿಲ್ಲಿಸುತ್ತಾರೆ. ದನಿ ಗಂಟೆಯಂತೆ ಮೊಳಗುತ್ತದೆ. ಪಾತ್ರೆಯಲ್ಲ, ಬಕೆಟ್ಟು ಎನ್ನುತ್ತಾರೆ ಗೋದಮ್ಮ, ಅವರು ಅಲ್ಲಿರಲಿಲ್ಲ.

ಪಾತ್ರೆಯೊಳಗಿನ ತರಗತಿಯಲ್ಲಿ ಮೇಷ್ಟ್ರು ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡಿದ್ದಾರೆ. ಹೊಗೆಸೊಪ್ಪು ಬೆಳೆಯುವವರ ಮಕ್ಕಳಿಗೆ ಸುಲಭವಾಗಲೆಂದು, ಇವು ಸೊಪ್ಪಿನ ಕಟ್ಟುಗಳು ಎಂದುಕೊಳ್ಳಿ ಎಂದಿದ್ದಾರೆ. ಈಗ ಒಂದು ಕಟ್ಟು ಬಿಚ್ಚು ಎಂದು ಒಬ್ಬ ಹುಡುಗನಿಗೆ ಹೇಳಿದರೆ ಅವನು ಬಿಚ್ಚುವುದಿಲ್ಲ.

"ಬ್ಯಾಡ ಸಾ. ಕಟ್ಟಿದ್ ಮ್ಯಾಲೆ ಬಿಚ್ಚಬಾರ್ದು. ನಮ್ಮಪ್ಪ ಬೈತದೆ."

"ಯಾಕೋ ಬೈತಾರೆ?"

"ಎಲೆ ಪುಡಿಯಾಯ್ತದೆ ಸಾ. ಮಾರ್ಕೆಟ್ನಾಗೆ ರೇಟು ಸಿಗಾಕಿಲ್ಲ."

"ಲೋ, ಇದು ಕಡ್ಡಿ ಕಣೋ."

"ನೀವೇ ಸೊಪ್ಪು ಅಂದ್ರಲ್ಲ ಸಾ."

ಇನ್ನೊಂದು ಮಗುವನ್ನು ಕರೆಯುತ್ತಾರೆ. ಅದೂ ಬಿಚ್ಚುವುದಿಲ್ಲ. ಮೇಷ್ಟ್ರ ದನಿ ಏರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಯಾರೋ ಸಣ್ಣ ದನಿಯಲ್ಲಿ "ಮೂವತ್ತೈದು ಸಾ" ಎನ್ನುತ್ತಾರೆ. ಗಂಟೆ ಹೊಡೆಯುತ್ತದೆ.

ಜಮಖಾನದ ಮೇಲೆ ಮೊದಲು ನಕ್ಕವರು ಚಂದ್ರಯ್ಯ. "ಈ ಮೂವತ್ತೈದಕ್ಕೂ ನಮಗೂ ಏನೋ ಋಣ ಅದೆ ಸಾ. ನಮ್ಮ ಸ್ಕೂಲಲ್ಲೂ ಅದೇಯ." ನಗು ಹರಡುತ್ತದೆ. ಸಂಪತ್ಕುಮಾರ ಮೇಷ್ಟ್ರು ನಗದೆ ಪಾತ್ರೆಯನ್ನೇ ನೋಡುತ್ತಿದ್ದಾರೆ. ಸೌಜನ್ಯ ಮಾತ್ರ ಮುಂದಕ್ಕೆ ಬಾಗಿದ್ದಾಳೆ.

"ಆಮೇಲೆ ಕಟ್ಟು ಬಿಚ್ಚಿದ್ರಾ ಸರ್?"

"ಇಲ್ಲಮ್ಮಾ," ಎನ್ನುತ್ತಾರೆ ಮೇಷ್ಟ್ರು. "ಮಾರನೇ ದಿನದ್ದು, ನೀವೆಲ್ಲ ಕೇಳಿದ್ದು, ಬಾಯಿಪಾಠ. ಆ ಕಟ್ಟು ಇನ್ನೂ ಹಾಗೇ ಇದೆ."

ಸೌಜನ್ಯಳ ಚೀಲ ತೊಡೆಯಿಂದ ಜಾರಿ ನೆಲಕ್ಕೆ ಬಂದಿದೆ. "ಬಾಳೆಹಣ್ಣಿನ ಚಿಪ್ಪು ಆದ್ರೆ? ಹತ್ತು ಹಣ್ಣಿನ ಚಿಪ್ಪು. ಅದನ್ನ ಕಿತ್ತೇ ತಿನ್ಬೇಕು. ಯಾರಪ್ಪಾನೂ ಬೈಯಲ್ಲ."

ಮೇಷ್ಟ್ರು ಬೆರಳಿನಲ್ಲಿ ನೆಲದ ಮೇಲೆ ಏನೋ ಬರೆದು ನೋಡುತ್ತಾರೆ. "ಚಿಪ್ಪು," ಎಂದು ತಮಗೆ ತಾವೇ ಹೇಳಿಕೊಂಡು, "ಮೊದಲು ನೀನೇ ಮಾಡಿ ನೋಡಮ್ಮಾ. ನಿನ್ನ ಮಕ್ಕಳಿಗೆ ಹತ್ತಿದರೆ ನಾನೂ ಮಾಡ್ತೀನಿ," ಎನ್ನುತ್ತಾರೆ.

"ಸೋಮವಾರ ಮಾಡ್ಲಾ ಸರ್?"

"ಮಾಡು."

ಗಂಗಾಂಬಿಕೆ ಗೋಡೆಗೊರಗಿ ಕೂತೇ ಇದ್ದಾರೆ. ಬಟ್ಟೆ ಅಂಗಡಿಯ ಮಾತನ್ನು ಅವರು ಎತ್ತುವುದಿಲ್ಲ, ಸೌಜನ್ಯಳೂ ಎತ್ತುವುದಿಲ್ಲ. ಈ ಕೆಲಸದಲ್ಲಿ ಏನಾಗಬೇಕೆಂಬ ಆಸೆಯಿದೆ ಎಂದು ಈಚೆಗೆ ಕೇಳಿದಾಗಲೂ ಅವರು ಅಂದಿನ ಸಭೆಯ ಹೆಸರೆತ್ತಲಿಲ್ಲ. "ತಾಲ್ಲೂಕಿಗೊಬ್ರು ಹಿಂಗೆ ಕೂತು ಕೇಳೋರು ಸಿಕ್ಕಿದ್ರೆ ಸಾಕು. ನನಗೆ ಭಾನುವಾರನಾದ್ರೂ ಬಿಡುವಾಯ್ತದೆ," ಎಂದಷ್ಟೇ ಹೇಳಿದರು.

ಹೊರಗೆ ಹೊಳೆನರಸೀಪುರದ ಬಸ್ಸಿನ ಹಾರನ್ನು ಕೇಳಿಸುತ್ತದೆ. ಒಬ್ಬೊಬ್ಬರೇ ಮಂಡಿ ಹಿಡಿದು ಏಳುತ್ತಾರೆ, ಚಪ್ಪಲಿ ಹುಡುಕುತ್ತಾರೆ. ಚಂದ್ರಯ್ಯ ಜಮಖಾನ ಮಡಿಸುತ್ತಾರೆ. ಸೌಜನ್ಯ ಹೊಸ್ತಿಲಲ್ಲಿ ನಿಂತು ತಿರುಗುತ್ತಾಳೆ.

"ಮೇಡಂ, ಎರಡು ಮೂರು ಸಲ ಮಾಡಿ, ಸರಿ ಬಂದಿದ್ದನ್ನ ಕಳಿಸ್ತೀನಿ."

"ಮೊದಲನೇ ಸಲದ್ದು ಕಳ್ಸವ್ವ," ಎನ್ನುತ್ತಾರೆ ಗಂಗಾಂಬಿಕೆ. "ಓಡು, ಬಸ್ಸು ಹೊಂಟ್ತು."

ಅವಳು ಮತ್ತು ಸಂಪತ್ಕುಮಾರ ಮೇಷ್ಟ್ರು ಒಂದೇ ಬಸ್ಸಿಗೆ ಓಡುತ್ತಾರೆ. ಉಳಿದವರು ತಂತಮ್ಮ ಸ್ಕೂಟರುಗಳನ್ನು ಹತ್ತಿ ಮನೆಗೆ ಹೋಗುತ್ತಾರೆ.