ಅಂಚಿಗೆ ನಿಂತವನು

ನನ್ನ ಗಂಡ ಕ್ರಿಸಾಂತೊ ಮನಿಲಾದ ಪಾರ್ಕಿನಲ್ಲಿ ಫೋಟೊ ತೆಗೆಯುತ್ತಿದ್ದ. ಊರುಗಳಿಂದ ಬಂದವರನ್ನು ಮಧ್ಯಾಹ್ನದ ಬಿಸಿಲಲ್ಲಿ ವೀರನ ಪ್ರತಿಮೆಯಿಂದ ಹಳೇ ಕೋಟೆಯವರೆಗೆ ನಡೆಸಿಕೊಂಡು ಹೋಗಿ, ಒಂದೊಂದು ಪ್ರತಿಮೆಯ ಮುಂದೂ ನಿಲ್ಲಿಸುತ್ತಿದ್ದ. ಮೆತ್ತಗಿನ ಕೆಲಸವಲ್ಲ. ಗಿರಾಕಿಗಾಗಿ ಹೊಡೆದಾಟ ಆಗುತ್ತಿತ್ತು. ಅವನ ಮುಂದಿನ ಹಲ್ಲು ಹೋದದ್ದು ಹಾಗೇ. ಹೊಡೆದವನ ಕಿವಿಯನ್ನು ನಾನು ಕಚ್ಚಿ ಹರಿದಿದ್ದೆ.

ಮೂವರೇ ಇರುವ ಫೋಟೊ ಮಾತ್ರ ಅವನು ತೆಗೆಯುತ್ತಿರಲಿಲ್ಲ. ಮೂವರು ನಿಂತರೆ ನಡುವಿನವನು ಮೊದಲು ಸಾಯುತ್ತಾನೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೂವರು ಬಂದರೆ, ಅಲ್ಲೇ ಕಡಲೆಕಾಯಿ ಮಾರುತ್ತಿದ್ದ ನನ್ನನ್ನು ಕೂಗಿ ಅಂಚಿಗೆ ನಿಲ್ಲಿಸುತ್ತಿದ್ದ. ಅಂಚು ಕತ್ತರಿಸಬೇಡಿ, ಕತ್ತರಿಸಿದರೆ ಮತ್ತೆ ಮೂವರೇ ಎಂದು ಹೇಳಿಯೇ ಫೋಟೊ ಕೊಡುತ್ತಿದ್ದ. ಯಾರ್ಯಾರದೋ ಮನೆಯ ಗೋಡೆಯಲ್ಲಿ ನಾನು ಬುಟ್ಟಿ ಹಿಡಿದು ನಿಂತಿದ್ದೇನೆ.

ಆ ದಿನ ಮೂವರು ಅಣ್ಣತಮ್ಮಂದಿರು ಬಂದರು. ನಡುವಿನವನು ಎಲ್ಮರ್, ಹಡಗಿನ ಕೆಲಸಕ್ಕೆ ಹೊರಟವನು. ದಾರಿಯುದ್ದಕ್ಕೂ ನನ್ನನ್ನು ರೇಗಿಸಿದ.

"ಅಕ್ಕಾ, ಎಲ್ಲಾ ಫೋಟೊದಲ್ಲೂ ಇದೀಯ. ನಮ್ಮಲ್ಲಿ ಯಾರನ್ನ ಕಟ್ಕೋತೀಯ?"

"ಮೂವರನ್ನೂ ಸೇರಿಸಿ ತೂಗಿದ್ರೂ ನನ್ನ ಗಂಡನ ಒಂದು ತೊಡೆ ಆಗಲ್ಲ, ನಡಿಯೋ."

ಕೋಟೆಯ ಬಾಗಿಲಲ್ಲಿ ಕಾವಲಿನವನು ನನ್ನನ್ನು ತಡೆದ. ಮಾರುವವರು ಒಳಗೆ ಹೋಗಕೂಡದಂತೆ. ಬುಟ್ಟಿಗೆ ಒದ್ದ. ನಾನು ಅವನ ಅಂಗಿ ಹಿಡಿದೆ. ಒಳಗೆ ಕ್ರಿಸಾಂತೊ ನನಗಾಗಿ ಕಾದು ಸಾಕಾಗಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಟೈಮರ್ ಹಾಕಿ, ಓಡಿ ಹೋಗಿ ತಾನೇ ಅಂಚಿಗೆ ನಿಂತ. ಕ್ಯಾಮೆರಾ ಕೈಬಿಟ್ಟದ್ದು ಅದೊಂದೇ ಸಲ.

ಟೈಮರ್ ಕ್ಲಿಕ್ಕೆನ್ನುವ ಹೊತ್ತಿಗೇ ಟೋಪಿಯವನೊಬ್ಬ ಕ್ಯಾಮೆರಾಕ್ಕೆ ಕೈ ಹಾಕಿದ. ಕ್ರಿಸಾಂತೊ ಹಾರಿ ಕ್ಯಾಮೆರಾದ ಪಟ್ಟಿ ಹಿಡಿದ. ಚಾಕು ಹೊಟ್ಟೆಗೆ ಇಳಿಯಿತು, ಆಮೇಲೆ ಕುತ್ತಿಗೆಗೆ. ಅವನು ಪಟ್ಟಿ ಬಿಡಲಿಲ್ಲ. ಅಣ್ಣ, ತಮ್ಮ ಕಲ್ಲಾಗಿ ನಿಂತಿದ್ದರು. ಎಲ್ಮರ್ ಬರಿಗೈಯಲ್ಲಿ ಚಾಕುವಿನ ಅಲಗು ಹಿಡಿದ. ಅವನ ಎರಡು ಬೆರಳು ಜೋತಾಡಿದವು. ನಾನು ಕಾವಲಿನವನನ್ನು ತಳ್ಳಿ ಓಡಿ ಬಂದು ಸ್ಟ್ಯಾಂಡಿನಿಂದ ಕಳ್ಳನ ತಲೆಗೆ ಬಡಿದೆ. ತಲೆ ಒಡೆಯಿತು, ಆದರೂ ಗೋಡೆ ಹಾರಿ ತಪ್ಪಿಸಿಕೊಂಡ.

"ಕ್ಯಾಮೆರಾ ಒಡೀತಾ?" ಎಂದ ಕ್ರಿಸಾಂತೊ. ಇಲ್ಲ ಎಂದೆ. ಮತ್ತೆ ಮಾತಾಡಲಿಲ್ಲ.

ಶವಪೆಟ್ಟಿಗೆಯ ಮೇಲೆ ಇಡಲು ಅವನದೊಂದೂ ಫೋಟೊ ಇರಲಿಲ್ಲ, ಆ ದಿನದ್ದೊಂದನ್ನು ಬಿಟ್ಟು. ರೀಲು ತೊಳೆಸಿ ತಂದೆ. ಮೂವರು ನಗುತ್ತಿದ್ದಾರೆ. ಅಂಚಿನಲ್ಲಿ ಅವನು, ಕಣ್ಣು ಕಳ್ಳನ ಕೈ ಮೇಲೆ, ಒಂದು ಕಾಲು ಆಗಲೇ ಎತ್ತಿದ್ದಾನೆ.

ಕೊಲೆಯಾದವನ ಪೆಟ್ಟಿಗೆಯ ಮೇಲೆ ಕೋಳಿಮರಿ ಬಿಡುತ್ತೇವೆ. ಅದು ಮುಚ್ಚಳದ ಗಾಜಿನ ಮೇಲೆ ಚೆಲ್ಲಿದ ಅಕ್ಕಿ ಕುಕ್ಕಿದಂತೆಲ್ಲ ಕೊಂದವನ ಎದೆಯನ್ನು ಕುಕ್ಕುತ್ತದೆ. ಮರಿ ಕುಕ್ಕುತ್ತಿತ್ತು. ಫೋಟೊದಿಂದ ಗಂಡನೊಬ್ಬನನ್ನೇ ಬಿಡಿಸಲು ನಾನು ಕತ್ತರಿ ಹಿಡಿದು ಕೂತಿದ್ದೆ. ಎಲ್ಮರ್ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದ.

"ಕತ್ತರಿಸ್ಬೇಡ ಅಕ್ಕಾ. ನಾವು ಮೂವರೇ ಆಗ್ತೀವಿ."

"ನೀನು ಬದುಕ್ಲಿ ಅಂತ ನಿಂತು ಅವನು ಸತ್ತ. ನೀನು ನಗೋದನ್ನ ಅವನ ಪೆಟ್ಟಿಗೆ ಮೇಲೆ ಇಡ್ಲಾ?"

ಅವನು ಬ್ಯಾಂಡೇಜಿನ ಕೈಯನ್ನೇ ಮುಂದೆ ಚಾಚಿದ.

"ಉಳಿದಿರೋ ಬೆರಳು ಬೇಕಾದ್ರೆ ಕತ್ತರಿಸು."

ಎಲ್ಮರ್ ಸಾಯಲಿ ಎಂದೇ ನನಗೆ ಅನ್ನಿಸಿತ್ತು. ಕತ್ತರಿ ಬಾಯಿ ತೆರೆದು ಫೋಟೊಗೆ ಹಚ್ಚಿದೆ. ಆಗ ಆ ಎತ್ತಿದ ಕಾಲು ಕಂಡಿತು. ಬದುಕಿದ್ದಷ್ಟು ದಿನ ಕ್ರಿಸಾಂತೊ ಮೂವರನ್ನೇ ನಿಲ್ಲಲು ಬಿಟ್ಟವನಲ್ಲ.

ಕತ್ತರಿ ಕೆಳಗಿಟ್ಟೆ. ಫೋಟೊ ಇಡಿಯಾಗಿ ಪೆಟ್ಟಿಗೆಯ ಮೇಲೆ ನಿಂತಿತು. ಸತ್ತವನು ಇವರಲ್ಲಿ ಯಾರು ಎಂದು ಗುರುತಿಲ್ಲದೆ ಬಂದವರೆಲ್ಲ ಕೇಳಿದರು. ಕಾಲು ಎತ್ತಿರುವವನು ಎಂದೆ.